ಕುಳ್ಳಿನ ಬೆಂಕಿ

"ನನ್ನ ಹೆಸರು ಯಾರು ಹೊಡದು ಹಾಕ್ಯಾರ?!"

ಗದಗಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದ ಮಾಶಾಕ ತಲೆ ಎತ್ತಿದ. ಖಾಲಿ ಹಾಲಿನ ಕ್ಯಾನು ಹಿಡಿದು, ಬರಿಗಾಲಲ್ಲಿ ನಿಂತಿದ್ದಳು ಅಸುಂಡಿಯ ಅಲ್ಮಾಸಬಿ. ಇಪ್ಪತ್ತೊಂದರ ಹುಡುಗಿ... ಕಣ್ಣಲ್ಲಿ ಕೆಂಡ!

"ನಾನಽ ಹೊಡದೀನ್ರಿ," ಅಂದ ತಣ್ಣಗೆ. ಅವನು ವ್ಯಾಯಾಮ ಶಿಕ್ಷಕ. ೧೯೮೪ರ ಆ ವರ್ಷ ಕ್ರೀಡಾಕೂಟಕ್ಕೆ ಹೆಣ್ಣುಮಕ್ಕಳನ್ನು ಆರಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. "ನೂರು ಮೀಟರ್ ಬ್ಯಾಡ. ಒಂದೂವರಿ ಸಾವಿರಕ್ಕ ಬರದೀನಿ."

"ಅದನ್ನ ನೋಡಾಕ ಯಾರಿರ್ತಾರ? ಮಂದಿ ಬಸ್ಸಿಗೆ ಹೋದಮ್ಯಾಲ ಓಡಸೂದು ಅದು!"

"ನೀವು ಹುಲ್ಲಿನ ಬೆಂಕಿ ಅಲ್ರಿ. ಕುಳ್ಳಿನ ಬೆಂಕಿ."

ಸುತ್ತ ನಿಂತ ಹುಡುಗಿಯರು ಕಿಸಕ್ಕನೆ ನಕ್ಕರು. ಅಲ್ಮಾಸಬಿಯ ಕಿವಿ ಬಿಸಿಯಾಯಿತು. 'ಎಮ್ಮಿ ಕಾಯೋಳು ಅಂತ ಸೆಗಣಿ ಬೆರಣಿಗೆ ಹೋಲಿಸ್ತಾನ...!'

ಅವಳಿಗೆ ಪಿ.ಟಿ. ಟೀಚರ್ ಆಗಬೇಕಿತ್ತು. ಮೊದಲ ಸ್ಥಾನದ ಸರ್ಟಿಫಿಕೇಟ್ ಇದ್ದರೆ ಕೋರ್ಸಿಗೆ ಸೀಟು. ಅಪ್ಪ ಮೌಲಾಸಾಬ ಕಡ್ಡಿ ಮುರಿದಂತೆ ಹೇಳಿದ್ದ: "ಈ ವರ್ಷ ಒಂದಽ ಸಲ. ಸೋತ್ರ ಎಮ್ಮಿ ನೋಡಿಕೊಂಡು ಮನ್ಯಾಗಿರು."

ಆ ಒಂದು ಸಲವನ್ನೂ ಇವನು ಕಸಿದುಕೊಂಡನಲ್ಲ!

"ಇಪ್ಪತ್ತು ದಿನ ಐತಿ. ಓಡತೀನಿ! ಸೋತ್ನೆಂದ್ರ ಒಂದು ಬುಟ್ಟಿ ಕುಳ್ಳು ತಂದು ನಿಮ್ಮ ತಲಿ ಮ್ಯಾಲ ಸುರೀತೀನಿ, ಮಾಸ್ತರ!"

"ಒಣಗಿದ್ದು ತರ್ರಿ. ಹಸೀದು ಬ್ಯಾಡ."

ಮರುದಿನದಿಂದಲೇ, ಹಾಲು ಹಾಕಿ ಮುಗಿಸಿ, ಸಲ್ವಾರದ ಅಂಚು ಬಿಗಿದು ಮೈದಾನಕ್ಕಿಳಿದಳು. ಎರಡು ಸುತ್ತು ಓಟ, ಆಮೇಲೆ ನಡಿಗೆ. ಕೊರಳಿನ ನಾಡಿ ಅವಳೇ ಹಿಡಿಯಬೇಕು. ಅವನು ದೂರ ನಿಂತು ಗಡಿಯಾರ ನೋಡುವುದು.

"ಹದಿನೈದು ಸೆಕೆಂಡಿಗೆ ಎಷ್ಟಾತು?"

"ನಲವತ್ತೈದು."

"ಮೂವತ್ತಕ್ಕ ಇಳೀಲಿ. ಆಮ್ಯಾಲ ಮತ್ತ ಓಡ್ರಿ."

ಐದನೆಯ ದಿನ ತಡೆಯಲಾರದೆ ಕೇಳಿಯೇ ಬಿಟ್ಟಳು. "ಕುಳ್ಳು ಅಂತ ಯಾಕಂದ್ರಿ?"

ಅವನು ನಕ್ಕ. "ಹುಲ್ಲು ಭಗ್ ಅಂತ ಹತ್ತಿ, ಹತ್ತೆಣಿಸೂದ್ರಾಗ ಬೂದಿ. ನೂರು ಮೀಟರಿಗೆ ಅಷ್ಟಽ ಸಾಕು. ಅರೆಹಸಿ ಕಟಗಿ ಒಂದೆರಡು ನಿಮಿಷ ಜೋರು ಉರೀತೈತಿ, ಆದ್ರ ಹೊಗಿ! ಆ ಹೊಗಿನಽ ಓಡೋರ ತೊಡ್ಯಾಗ ಉರಿಯಾಗಿ ಕುಂಡ್ರೂದು. ಕುಳ್ಳು ನಿಧಾನ ಹತ್ತತೈತಿ... ಗಾಳಿ ಸಿಕ್ರ ತಾಸುಗಟ್ಟಲೆ ಆರೂದಿಲ್ಲ. ಮೂರೂ ನಮ್ಮ ಮೈಯಾಗ ಅದಾವ. ದಿನಾ ಅಸುಂಡಿಯಿಂದ ಹಾಲು ಹೊತ್ತು ನಡದು ನಡದು ನೀವು ಕುಳ್ಳು ಕೂಡಿಸೀರಿ. ಅದಕ್ಕಽ ಹೆಸರು ಹೊಡದೆ."

'ಹಂಗಾರ... ಬೈದಿರಲಿಲ್ಲ!'

"ಅವತ್ತಽ ಹೇಳಬಾರದಾಗಿತ್ತ?"

"ನೀವು ಹೇಳಾಕ ಬಿಟ್ಟಿದ್ರ?"

ಅವಳು ಮುಖ ತಿರುಗಿಸಿದಳು. ನಗು ಬಂದಿತ್ತು, ಅದನ್ನು ಅವನಿಗೆ ತೋರಿಸುವ ಮನಸ್ಸಿರಲಿಲ್ಲ. ಆ ದಿನ ನಾಡಿ ಮೂವತ್ತಾರಕ್ಕೇ ನಿಂತುಬಿಟ್ಟಿತು. ಎಷ್ಟು ನಡೆದರೂ ಇಳಿಯಲೊಲ್ಲದು...

"ಎಷ್ಟ್ರಿ?"

"ಮೂವತ್ತು!" ಎಂದು ಸುಳ್ಳು ಹೇಳಿ ಓಡಿಯೇ ಬಿಟ್ಟಳು.

ಓಟದ ದಿನ ಮಂದಿ ಬಸ್ಸಿಗೆ ಹೋಗಲಿಲ್ಲ. ಹಾಲಿನವಳು ಮಾಸ್ತರನ ತಲೆಗೆ ಕುಳ್ಳು ಸುರಿಯುವುದನ್ನು ನೋಡಬೇಕಿತ್ತಲ್ಲ! ಮೌಲಾಸಾಬನೂ ಟವೆಲ್ ಕೊಡವಿ ಹಾಸಿ ಕೂತಿದ್ದ.

ಏಳೂವರೆ ಸುತ್ತು. ಮುಂಡರಗಿಯ ಹುಡುಗಿ ಮೊದಲ ಸುತ್ತಿಗೇ ಬಾಣದ ಹಾಗೆ ಹೋದಳು.

"ಹಾಲಿನಕ್ಕಾ, ಎಮ್ಮಿ ಮೇಯಿಸ್ತೀ ಏನು?" ಯಾರೋ ಕೂಗಿದರು.

ಅಲ್ಮಾಸಬಿ ಕೇಳಿಸಿಕೊಳ್ಳಲಿಲ್ಲ. ಐದನೆಯ ಸುತ್ತಿಗೆ ಮುಂದಿನವಳ ತೊಡೆಯಲ್ಲಿ ಹೊಗೆ ಕೂತದ್ದು ಕಾಣಿಸಿತು. ಕೊನೆಯ ಒಂದು ಸುತ್ತು ಉಳಿಯುವ ತನಕ ಜೋರು ಹಿಡಿಯಬೇಡವೆಂದು ಮಾಶಾಕ ಹೇಳಿದ್ದ. ಎರಡು ಸುತ್ತು ಉಳಿದಿರುವಾಗಲೇ ಇವಳು ಜೋರು ಹಿಡಿದಳು!

"ಈಗ ಬ್ಯಾಡ! ತಡೀರಿ!" ಅವನು ಚೀರಿದ.

'ನನ್ನ ದಮ್ಮು ನನಗ ಗೊತ್ತೈತಿ, ಮಾಸ್ತರ!'

ಮುಂಡರಗಿಯವಳನ್ನು ಹಿಂದೆ ಹಾಕಿದಳು. ಹಾಕಿದವಳು ತಿರುಗಿ ನೋಡಲೇ ಇಲ್ಲ. ಗುರಿಯ ಹಗ್ಗ ಅವಳ ಎದೆಗೇ ತಾಗಿ ಹರಿಯಿತು.

ಮೌಲಾಸಾಬ ಟವೆಲ್‌ನಿಂದ ಕಣ್ಣು ಒರೆಸಿಕೊಂಡ. "ಎಮ್ಮಿ ನಾ ನೋಡಿಕೊಳ್ತೀನಿ, ಹೋಗು," ಎಂದಷ್ಟೇ ಹೇಳಿ ಪೇಡಾ ತರಲು ಎದ್ದ.

ಮಾಶಾಕ ಹತ್ತಿರ ಬಂದ.

"ಬ್ಯಾಡ ಅಂದ್ರೂ ಓಡಿದೆ," ಅಂದಳು ಏದುಸಿರಲ್ಲೇ.

"ನೋಡಿದೆ. ನನ್ನ ಲೆಕ್ಕ ತಪ್ಪಿತ್ತು. ನಾಡಿ ಎಣಿಸ್ರಿ..."

"ನನ್ನದಲ್ಲ. ಇವತ್ತು ನಿಮ್ಮದು."

ಅವನು ಬೆರಳನ್ನು ತನ್ನ ಕೊರಳಿಗಿಟ್ಟ. ಗಡಿಯಾರವನ್ನು ಅವಳು ಕಸಿದುಕೊಂಡಿದ್ದಳು.

"ಎಷ್ಟಾತು?"

"...ನಲವತ್ತೊಂದು."

"ನಿಂತಲ್ಲೇ?! ಒಂದು ಹೆಜ್ಜೀನೂ ಓಡದಽ?"

"ನಿಮ್ಮನ್ನ ನೋಡಿದಾಗೆಲ್ಲ ಹಿಂಗಽ ಆಗತೈತಿ, ಅಲ್ಮಾಸ. ಕ್ಯಾನು ಹಿಡಕೊಂಡು ಬೈಯಾಕ ಬಂದ್ರಲ್ಲ... ಅವತ್ತಿನಿಂದ."

ಅವಳ ಕಣ್ಣು ತುಂಬಿತು. ಗದ್ದ ಮಾತ್ರ ಎತ್ತಿಕೊಂಡೇ ಇದ್ದಳು.

"ನಾನೂ ಒಂದು ಸುಳ್ಳು ಹೇಳೀನಿ. ಐದನೇ ದಿನ ಮೂವತ್ತಿರಲಿಲ್ಲ... ಮೂವತ್ತಾರಿತ್ತು!"

ಇಬ್ಬರೂ ನಕ್ಕರು.

"ಮನಿಗೆ ಬಂದು ನಿಮ್ಮ ಅಪ್ಪಗ ಕೇಳ್ಲೇನು?"

"ಮೊದಲ ನಾ ಟೀಚರ್ ಆಗ್ತೀನಿ. ಆಮ್ಯಾಲ ಬರ್ರಿ. ಅಲ್ಲಿತನಕ ಆರಬಾರದು ನೋಡ್ರಿ!"

"ಆರೂದಿಲ್ಲ. ಕುಳ್ಳು ಐತಿ."

"ಒಣಗಿದ್ದೋ, ಹಸೀದೋ?" ಎಂದಳು ಅಲ್ಮಾಸಬಿ. ಗಡಿಯಾರವನ್ನು ವಾಪಸು ಕೊಡಲಿಲ್ಲ.