ಸೇಡಿನ ಲಕೋಟೆ

ಹಲ್ಲು ಮಸೆಯುವುದೇ ನನ್ನ ಹೊಟ್ಟೆಪಾಡು. ತಮಾಷೆಗೆ ಹೇಳುತ್ತಿಲ್ಲ. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಲ್ಯಾಬಿನಲ್ಲಿ ಕೂತು ಹಲ್ಲಿನ ಸೆಟ್ಟು ಕಟ್ಟಿ, ಪುಟ್ಟ ಮೋಟಾರಿನ ಚಕ್ರಕ್ಕೆ ಹಿಡಿದು ನುಣುಪು ಮಾಡುತ್ತೇನೆ. ಆದರೆ ಒಂದು ವರ್ಷ ಪೂರ್ತಿ ಸಂಬಳವಿಲ್ಲದೆಯೂ ಹಲ್ಲು ಮಸೆದಿದ್ದೇನೆ, ಅದೂ ಒಬ್ಬನೇ ಒಬ್ಬನ ಮೇಲೆ. ಆ ಶನಿವಾರ ಬೆಳಿಗ್ಗೆ ಅವನ ಅಂಗಡಿಗೇ ಹೋಗಿ ಗಾಜಿನ ಕೌಂಟರಿನ ಮುಂದೆ ನಿಂತೆ.

ಅವನು ಕೇಕು ಮಾಡುವವನು. ಜನರ ಹಲ್ಲು ಹಾಳು ಮಾಡುವುದು ಅವನ ಕೆಲಸ, ಕಟ್ಟಿಕೊಡುವುದು ನನ್ನದು, ಒಳ್ಳೆ ಜೋಡಿ ಎಂದು ಎಲ್ಲರೂ ನಮ್ಮನ್ನು ರೇಗಿಸುತ್ತಿದ್ದ ಕಾಲವೊಂದಿತ್ತು.

ತಲೆಯೆತ್ತಿ ನೋಡಿದ. ಕೈಯಲ್ಲಿದ್ದ ಕ್ರೀಮಿನ ಕೋನು ಅಲ್ಲೇ ನಿಂತುಬಿಟ್ಟಿತು. ಎಡಗಣ್ಣಿನ ರೆಪ್ಪೆಗೆ ಮೈದಾಹಿಟ್ಟು ಮೆತ್ತಿತ್ತು. ಹಿಂದೆ ಅದನ್ನು ನಾನೇ ಊದಿ ಹಾರಿಸುತ್ತಿದ್ದೆ. ಈಗ ಹಾಗೇ ಇರಲಿ, ಕಣ್ಣು ಉರಿಯಲಿ ಎಂದುಕೊಂಡೆ.

"ನೀನಾ?" ಎಂದ.

"ಗಿರಾಕಿ," ಎಂದೆ. "ಕೇಕ್ ಬೇಕಿತ್ತು."

ಇಲ್ಲಿ ಹಿಂದಿನದನ್ನು ಸ್ವಲ್ಪ ಹೇಳಬೇಕು. ನಮ್ಮ ಮನೆಯ ಬೀರುವಿನಲ್ಲಿ, ಬಟ್ಟೆಗಳ ಹಿಂದೆ, ಲಕೋಟೆಗಳು ಸಾಲಾಗಿ ನಿಂತಿರುತ್ತಿದ್ದವು. ಬಾಡಿಗೆ, ತರಕಾರಿ, ಬಸ್ಸು, ಕರೆಂಟು, ಗ್ಯಾಸು, ಔಷಧಿ. ಸಂಬಳ ಬಂದ ದಿನ ಅಮ್ಮ ಮತ್ತು ನಾನು ಮಂಚದ ಮೇಲೆ ಕೂತು ನೋಟು ಹಂಚುತ್ತಿದ್ದೆವು. ತರಕಾರಿಯ ಲಕೋಟೆ ಬೇಗ ಖಾಲಿಯಾದರೆ ತಿಂಗಳ ಕೊನೆಗೆ ಈರುಳ್ಳಿಯೇ ಗತಿ. ಒಂದರ ದುಡ್ಡು ಇನ್ನೊಂದಕ್ಕೆ ಹೋಗುವಂತಿಲ್ಲ. ತೀರಾ ಬೇಕಾದರೆ ಚೀಟಿ ಬರೆದಿಟ್ಟು ತೆಗೆಯಬೇಕು, ಆಮೇಲೆ ವಾಪಸು ತುಂಬಬೇಕು. ಅಪ್ಪ ಹೋದ ಮೇಲೆ ದುಡ್ಡು ಎಲ್ಲಿ ಸೋರುತ್ತಿದೆಯೆಂದೇ ತಿಳಿಯದೆ, ಕರೆಂಟಿನವರು ಬಂದು ಫ್ಯೂಸು ಕಿತ್ತುಕೊಂಡು ಹೋದ ವಾರ ಅಮ್ಮ ಮಾಡಿದ ನಿಯಮ ಇದು. ಅಲ್ಲಿಂದೀಚೆಗೆ ನಮ್ಮ ಮನೆಯ ದೀಪ ಆರಿಲ್ಲ.

ಆ ಬೀರುವನ್ನು ನಾನು ಯಾರಿಗೂ ತೋರಿಸಿದವಳಲ್ಲ. ಅವನಿಗೆ ತೋರಿಸಿದೆ. ಕೊನೆಯಲ್ಲಿದ್ದ 'ಸಿನಿಮಾ-ಕಾಫಿ' ಎಂಬ ಲಕೋಟೆ ಎತ್ತಿ, "ಇದು ನಿನ್ನದು" ಎಂದೆ. ಬಸ್ಸು ಬಿಟ್ಟು ನಡೆದು ಉಳಿಸಿದ ದುಡ್ಡು ಅದರಲ್ಲಿದೆ ಎಂದೂ ಹೇಳಿದೆ. ಪ್ರೀತಿಸುವಾಗ ಬಾಯಿಗೆ ಬೀಗ ಇರುವುದಿಲ್ಲ.

ಮುಂದಿನ ವಾರವೇ ಅವನ ಅಕ್ಕನ ಹುಟ್ಟುಹಬ್ಬ. ಅಕ್ಕ ಹಲ್ಲಿನ ಡಾಕ್ಟರ್, ನನ್ನ ಲ್ಯಾಬಿಗೆ ಕೆಲಸ ಕಳಿಸುವವರು. ಅವನ ಪರಿಚಯವಾದದ್ದೂ ಅವರ ಕ್ಲಿನಿಕ್ಕಿನಲ್ಲೇ. ಅಂದು ಮನೆ ತುಂಬ ಜನ. ಅವನು ತಂದ ಡಬ್ಬಿಯ ಮುಚ್ಚಳ ತೆಗೆದರೆ ಲಕೋಟೆಯ ಆಕಾರದ ಕೇಕು. ಮೇಲೆ ಬಣ್ಣಬಣ್ಣದ ಕ್ರೀಮಿನಲ್ಲಿ ನಮ್ಮ ಬೀರು: ಬಾಡಿಗೆ, ತರಕಾರಿ, ಬಸ್ಸು, ಗ್ಯಾಸು. ಕೊನೆಯ ಸಾಲು, 'ಪ್ರೀತಿ: ಈ ತಿಂಗಳು ಖಾಲಿ'. ಯಾರೋ ಗಟ್ಟಿಯಾಗಿ ಓದಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನನ್ನ ಕಡೆ ಕಣ್ಣು ಮಿಟುಕಿಸಿ ನಕ್ಕ. ನನ್ನ ತಟ್ಟೆಗೆ ಬಂದ ತುಂಡಿನ ಮೇಲೆ 'ಬಸ್ಸು' ಎಂದಿತ್ತು. ತಟ್ಟೆ ಕೆಳಗಿಟ್ಟು, ನಡೆದುಕೊಂಡೇ ಮನೆಗೆ ಬಂದೆ.

ಬಂದವಳೇ 'ಸಿನಿಮಾ-ಕಾಫಿ' ಹೊಡೆದು ಹಾಕಿ, ಅದೇ ಲಕೋಟೆಯ ಮೇಲೆ 'ಸೇಡು' ಎಂದು ಬರೆದೆ. ಅಮ್ಮ ಕನ್ನಡಕ ಮೇಲೇರಿಸಿ ನೋಡಿದರು.

"ಎಷ್ಟು ಹಾಕ್ತೀಯ ಇದಕ್ಕೆ?"

"ಉಳಿದಿದ್ದೆಲ್ಲ."

"ಹಾಕು. ಆದ್ರೆ ನಿಯಮ ಅಂದ್ರೆ ನಿಯಮ. ಸೇಡಿನ ದುಡ್ಡು ಸೇಡಿಗೇ ಖರ್ಚಾಗ್ಬೇಕು."

ಅವನು ಮನೆಗೆ ಬಂದ, ಫೋನು ಮಾಡಿದ, ಅಕ್ಕನ ಕೈಲಿ ಹೇಳಿಸಿದ. ನಕ್ಕದ್ದು ಜನರ ಮುಂದೆ, ಕ್ಷಮೆ ಕೇಳುವುದು ಮಾತ್ರ ನನ್ನ ಬಾಗಿಲ ಸಂದಿಯಲ್ಲಿ. ಈ ಲೆಕ್ಕ ನನಗೆ ಒಪ್ಪಿಗೆಯಾಗಲಿಲ್ಲ. ಅದೇ ಮನೆ, ಅದೇ ಜನ, ಅದೇ ನಗು ನನಗೆ ಬೇಕಿತ್ತು, ಈ ಸಲ ಅವನ ಮೇಲೆ.

"ನಾಳೆ ನಿನ್ನ ಅಕ್ಕನ ಹುಟ್ಟುಹಬ್ಬ," ಎಂದೆ ಕೌಂಟರಿಗೆ ಮೊಣಕೈ ಊರಿ. "ನನ್ನನ್ನೂ ಕರೆದಿದಾರೆ. ಕೇಕು ನನ್ನ ಕಡೆಯಿಂದ. ಮೂರಂತಸ್ತಿಂದು."

"ಮೂರಂತಸ್ತಾ? ಅದು ಮದುವೆಗೆ ಮಾಡೋದು."

"ಮದುವೆ ಅಂತೂ ಇಲ್ಲ, ಕೇಕಾದ್ರೂ ಇರ್ಲಿ."

ಅವನ ಕಿವಿ ಕೆಂಪಾಯಿತು. ನನ್ನ ಹೊಟ್ಟೆ ತಣ್ಣಗಾಯಿತು. ಅವನ ಹಿಂದಿನ ಗೋಡೆಯ ಮೇಲೆ ಬೋರ್ಡಿತ್ತು: 'ನೀವು ಹೇಳಿದ್ದನ್ನೇ ಬರೆದುಕೊಡುತ್ತೇವೆ'.

"ಏನು ಬರೀಬೇಕು?"

"ಮೇಲಿನ ಅಂತಸ್ತಿಗೆ, 'ಇದನ್ನು ಮಾಡಿದವನು ದಡ್ಡ'. ನಡುವಿನದಕ್ಕೆ, 'ನಂಬಿ ತೋರಿಸಿದ್ದನ್ನು ಊರಿಗೆಲ್ಲ ಹಂಚಿದವನು'. ಕೆಳಗೆ, 'ಇವನ ಮುಂದೆ ಬೀರು ತೆರೆಯಬೇಡಿ'. ನೀನೇ ಬರೀಬೇಕು. ಅಕ್ಷರ ದುಂಡಗಿರ್ಬೇಕು."

ಬರೆದುಕೊಂಡ. "ಯಾವ ಬಣ್ಣ?"

"ನಿನ್ನ ಕಿವಿ ಬಣ್ಣ."

ತುಟಿಯಂಚಿಗೆ ಬಂದ ನಗುವನ್ನು ಒಳಕ್ಕೆಳೆದುಕೊಂಡ. ಹಾಳಾದ ಆ ತುಟಿಯಂಚನ್ನು ನಾನು ನೋಡಬಾರದಿತ್ತು. ಬೆಲೆ ಹೇಳಿದ. ನಾನು ಲಕೋಟೆ ತೆಗೆದು, ಹೆಸರು ಅವನಿಗೆ ಕಾಣುವಂತೆ ಗಾಜಿನ ಮೇಲಿಟ್ಟೆ. ಹೊಡೆದು ಹಾಕಿದ 'ಸಿನಿಮಾ-ಕಾಫಿ'ಯ ಮೇಲೆ ಅವನ ಬೆರಳು ನಿಧಾನವಾಗಿ ಹರಿದಾಡಿತು.

"ವರ್ಷ ಪೂರ್ತಿ ತುಂಬಿದ್ಯಾ?"

"ಒಂದು ತಿಂಗಳೂ ಬಿಟ್ಟಿಲ್ಲ."

"ಒಂದು ತಿಂಗಳೂ ನನ್ನ ಮರೆತಿಲ್ಲ ಅನ್ನು."

ಸಿಟ್ಟಿನಲ್ಲಿ ಲಕೋಟೆಯನ್ನು ಅವನ ಮುಂದೆ ಬಗ್ಗಿಸಿ ಕೊಡವಿದೆ. ಒಂದಿಷ್ಟು ನೋಟು ಬಿದ್ದವು. ಅವುಗಳ ಹಿಂದೆಯೇ ಚೀಟಿಗಳು, ಎಲ್ಲ ಅಮ್ಮನ ಕೈಬರಹ. 'ಸಿಲಿಂಡರ್ ದಿಢೀರನೆ ಮುಗಿಯಿತು, ಸೇಡಿನಿಂದ ತೆಗೆದಿದ್ದೇನೆ.' 'ನನ್ನ ಕನ್ನಡಕದ ಕಾಲು ಮುರಿಯಿತು. ಸೇಡಿಗೇನು ಅವಸರ?' 'ಮತ್ತೆ ನಾನೇ. ಚಪ್ಪಲಿ.' ತಿಂಗಳು ತಿಂಗಳೂ ತುರುಕಿದ್ದೆನೇ ಹೊರತು ಒಮ್ಮೆಯೂ ಒಳಗೆ ನೋಡಿರಲಿಲ್ಲ. ಲಕೋಟೆ ಅಷ್ಟು ದಪ್ಪಗಿದ್ದದ್ದು ಚೀಟಿಗಳಿಂದ.

ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವನು ಈಗ ನಗುತ್ತಾನೆ ಎಂದು ಕಾದೆ. ನಕ್ಕಿದ್ದರೆ ಎಲ್ಲವೂ ಅಲ್ಲಿಗೆ ಮುಗಿದುಹೋಗುತ್ತಿತ್ತು. ಅವನು ಚೀಟಿಗಳನ್ನು ಓದದೆ ಮಗುಚಿ, ಜೋಡಿಸಿ, ಲಕೋಟೆಯೊಳಗೆ ಹಾಕಿ ನನ್ನ ಕಡೆ ಸರಿಸಿದ. ಆಮೇಲೆ ನೋಟು ಎಣಿಸಿದ.

"ಇದಕ್ಕೆ ಒಂದು ಕೆಜಿ ಬರುತ್ತೆ."

'ಉಳಿದದ್ದು ಆಮೇಲೆ ಕೊಡು' ಎಂದಿದ್ದರೆ ಆ ಕ್ರೀಮನ್ನು ಅವನ ಮುಖಕ್ಕೇ ಬಳಿಯುತ್ತಿದ್ದೆ. ಅವನು ಅನ್ನಲಿಲ್ಲ.

"ಒಂದು ಕೆಜಿ ಮೇಲೆ ಒಂದೇ ಪದ ಹಿಡಿಸೋದು," ಎಂದ. "ಅಕ್ಷರ ದುಂಡಗಿರ್ಬೇಕು ಅಂದ್ಯಲ್ಲ."

"'ದಡ್ಡ' ಅಂತ ಬರಿ."

"ಹುಟ್ಟುಹಬ್ಬ ಅಕ್ಕಂದು. ಬರೀ ದಡ್ಡ ಅಂದ್ರೆ ಯಾರು ಅಂತ ಗೊತ್ತಾಗಲ್ಲ."

"ನೀನು ಪಕ್ಕದಲ್ಲಿ ನಿಂತ್ಕೋ. ಗೊತ್ತಾಗುತ್ತೆ."

ಮರುದಿನ ಸಂಜೆ ಅದೇ ಮನೆ, ಅದೇ ಜನ. ಡಬ್ಬಿಯ ಮುಚ್ಚಳ ತೆಗೆದರು. ಬಿಳಿ ಕ್ರೀಮಿನ ಮೇಲೆ ಕೆಂಪಗೆ, ದುಂಡಗೆ, 'ದಡ್ಡ'. ಅಕ್ಕ ತಮ್ಮನ ಮುಖ ನೋಡಿದರು.

"ಏನೋ ಇದು? ನನಗಾ?"

"ಅಲ್ಲ ಅಕ್ಕ, ನನಗೆ," ಎಂದು ಅವನು ಕೇಕಿನ ಪಕ್ಕ ಬಂದು ನಿಂತ.

ಮನೆಗೆ ಮನೆಯೇ ನಕ್ಕಿತು. ಹೋದ ವರ್ಷ ಲಕೋಟೆ ಓದಿದವರೇ ಇದನ್ನೂ ಗಟ್ಟಿಯಾಗಿ ಓದಿದರು. ಅವನ ಕಿವಿ ಕ್ರೀಮಿಗಿಂತ ಕೆಂಪಾಯಿತು. ಸುಳ್ಳೇಕೆ ಹೇಳಲಿ, ನನಗೆ ಬಾಯೆಲ್ಲ ಸಿಹಿಯಾಯಿತು.

ನಗು ಇನ್ನೂ ನಡೆಯುತ್ತಿರುವಾಗಲೇ ಅವನು ಬಾಯಿ ತೆರೆದ.

"ಇನ್ನೂ ಎರಡು ಸಾಲಿತ್ತು, ಕೇಕಲ್ಲಿ ಜಾಗ ಸಾಲ್ಲಿಲ್ಲ. ನಂಬಿ ತೋರಿಸಿದ್ದನ್ನು ಊರಿಗೆಲ್ಲ ಹಂಚಿದವನು. ಇವನ ಮುಂದೆ ಬೀರು ತೆರೆಯಬೇಡಿ." ಕೇಕು ಕತ್ತರಿಸುವ ಚಾಕುವನ್ನು ಮೇಜಿನ ಮೇಲಿಟ್ಟ. "ಹೋದ ವರ್ಷ ನಾನು ತಂದ ಕೇಕಿಗೆ ನೀವೆಲ್ಲ ನಕ್ರಿ. ಅದರ ಹಿಂದೆ ಏನಿತ್ತು ಅಂತ ಈಗ್ಲೂ ಹೇಳಲ್ಲ. ಅದು ಅವಳದು. ಪ್ರೀತಿ ಖಾಲಿ ಅಂತ ಬರೆದಿದ್ದೆ. ಖಾಲಿ ಇದ್ದಿದ್ದು ನನ್ನ ತಲೆ. ತಪ್ಪಾಯ್ತು."

ನಗು ನಿಂತಿತು. ನನಗೆ ಅದು ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು. ಆದರೆ ನನಗೆ ಕೊಳ್ಳಲಾಗದ ಎರಡು ಅಂತಸ್ತನ್ನು ಅವನು ಬಾಯಲ್ಲೇ ಕಟ್ಟಿ ನಿಲ್ಲಿಸಿದ್ದ. ಅಳುವುದು ಕಾಣಬಾರದೆಂದು ಹೊರಗೆ ಮೆಟ್ಟಿಲಿಗೆ ಬಂದು ಕೂತೆ.

ತಟ್ಟೆ ಹಿಡಿದು ಅವನೂ ಬಂದ. ಒಂದು ಮೆಟ್ಟಿಲು ಕೆಳಗೆ ಕೂತ.

"ಸೇಡು ತೀರ್ತಾ?"

"ಇಲ್ಲ."

"ಒಂದು ವರ್ಷ ನೀನಿಲ್ದೆ ನನಗೆ ಸಾಕಾಗಿದೆ."

"ನನಗೂ ಸಾಕಾಗಿದೆ. ಅದಕ್ಕೇ ಇಷ್ಟು ಸಿಟ್ಟು." ಕೇಕಿನ ತುಂಡು ಬಾಯಿಗಿಟ್ಟುಕೊಂಡೆ. ಚೆನ್ನಾಗಿತ್ತು, ಅದೇ ಸಂಕಟ. "ಅಮ್ಮ ತೆಗೆದಿದ್ದನ್ನ ಮುಂದಿನ ತಿಂಗಳಿಂದ ವಾಪಸ್ ಹಾಕ್ತಾರೆ. ಅದನ್ನೂ ಸೇಡಿಗೇ ಖರ್ಚು ಮಾಡ್ಬೇಕು. ನಮ್ಮನೆ ನಿಯಮ."

ಅವನು ತಿರುಗಿ ನನ್ನ ಮುಖ ನೋಡಿದ. ರೆಪ್ಪೆಯ ಮೇಲೆ ಇವತ್ತೂ ಹಿಟ್ಟಿತ್ತು.

"ಏನು ಮಾಡ್ತೀಯ ಅದರಲ್ಲಿ?"

"ಮೊದಲು ಒಂದು ಸಿನಿಮಾ. ನಿನಗೆ ಆಕಳಿಕೆ ಬರೋ ಅಂಥದ್ದು. ಎದ್ದು ಹೋಗೋ ಹಾಗಿಲ್ಲ."

"ಎದ್ದು ಹೋದ್ರೆ?"

"ಪಕ್ಕದಲ್ಲಿ ಕಾವಲಿಗೆ ನಾನಿರ್ತೀನಲ್ಲ."

"ಅದರ ಮುಂದಿನ ತಿಂಗಳು?"

"ಕಾಫಿ. ಸಕ್ಕರೆ ಇಲ್ಲದ್ದು."

"ಅದರ ಮುಂದಿನ ತಿಂಗಳು?"

"ಬಾಯಿ ಮುಚ್ಚು," ಎಂದು ಬಗ್ಗಿ, ಅವನ ರೆಪ್ಪೆಯ ಮೇಲಿನ ಹಿಟ್ಟನ್ನು ಊದಿದೆ.

ನಮ್ಮ ಮದುವೆಯಾಗಿದೆ, ಈಗ ಆ ಲಕೋಟೆ ನಮ್ಮಿಬ್ಬರ ಬೀರುವಿನಲ್ಲಿದೆ. ಸಂಬಳದ ದಿನ ಮಂಚದ ಮೇಲೆ ನೋಟು ಹಂಚುವಾಗ, "ಸೇಡಿಗೆ ಎಷ್ಟು?" ಎಂದು ಅವನೇ ಕೇಳುತ್ತಾನೆ. ಹೆಸರು ಬದಲಿಸೋಣ ಎಂದು ಒಮ್ಮೆ ಪೆನ್ನು ಹಿಡಿದುಕೊಂಡು ಬಂದಿದ್ದ. ಲಕೋಟೆ ಕಸಿದು ಒಳಗಿಟ್ಟೆ. ಅವನು ಬೀರು ತೆರೆದಾಗಲೆಲ್ಲ ಆ ಹೆಸರು ಕಾಣಬೇಕು.