ಗಡಿಗಲ್ಲಿನ ಭಾರ

"ನಕ್ಷ್ಯಾಗಿನ ಆ ಗಡಿಗಲ್ಲಿನ ಗುರುತು ಮಾತ್ರ ಸರಿಸಬ್ಯಾಡ ತಂಗಿ," ಎಂದಳು ಇಂದುಮತಿ. "ಸರಿಸಿದವರು ಅದನ್ನ ಹೊರಬೇಕಾಗತದ ಅಂತ ಶಾಪ ಅದ. ಆ ಬೆಟ್ಟದ ಸರ್ವೆಯವ ಫೋನಿನ್ಯಾಗ ಹೇಳ್ಯಾನ."

ನಮ್ರತಾ ನಕ್ಕಳು. "ಅಕ್ಕ, ಬೆಟ್ಟ ಇರೋದು ಆಲ್ಪ್ಸ್ ತಪ್ಪಲಲ್ಲಿ, ನಾವಿರೋದು ಸಾಲ್ಟ್ ಲೇಕಲ್ಲಿ. ಶಾಪಕ್ಕೆ ವೀಸಾ ಯಾರು ಕೊಡ್ತಾರೆ?"

ಪರದೇಶದ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸುವ ಆ ಕಚೇರಿಗೆ ಅವಳು ಬೆಂಗಳೂರಿನಿಂದ ಬಂದು ಸೇರಿದ್ದು ಆಗಷ್ಟೇ. ಅಲ್ಲೇ ಕೆಲಸದಲ್ಲಿದ್ದ ಧಾರವಾಡದ ಇಂದುಮತಿ ತನ್ನ ಮನೆಯಲ್ಲೇ ಒಂದು ಕೋಣೆ ಬಿಟ್ಟುಕೊಟ್ಟು, ಕರೆದು ಊಟಕ್ಕಿಡುತ್ತಿದ್ದಳು.

ಆ ಬೆಟ್ಟದಲ್ಲಿ ಮೊದಲು ಕುರುಬರು ಕುರಿ ಮೇಯಿಸಿದ್ದರು. ಆಮೇಲೆ ಸನ್ಯಾಸಿಗಳು ಮಠ ಕಟ್ಟಿದರು, ಗಣಿಯವರು ಸುಣ್ಣದಕಲ್ಲು ಒಡೆದರು. ಕುರುಬರು ನೆಟ್ಟ ಗಡಿಗಲ್ಲನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಈಗ ಹಿಮದಲ್ಲಿ ಜಾರಿ ಆಡುವವರಿಗಾಗಿ ರೋಪ್‌ವೇ ಬರಲಿತ್ತು. ಕಲ್ಲು ದಾರಿಗೆ ಅಡ್ಡ. ನಮ್ರತಾ ಗುರುತನ್ನು ಮೌಸಿನಿಂದ ಪಕ್ಕಕ್ಕೆಳೆದು ರೋಪ್‌ವೇಯವರಿಗೆ ನಕ್ಷೆ ಕಳಿಸಿಬಿಟ್ಟಳು.

ಜುಲೈನ ಒಂದು ಮಧ್ಯಾಹ್ನ ಅವಳ ಹೆಗಲ ಮೇಲೆ ಏನೋ ಕೂತಿತು. ಬೇಯಿಸುವ ಸೆಕೆಯಲ್ಲೂ ಬಾಯಿಂದ ಹಬೆ ಹೊರಟಿತು. ಒದ್ದೆ ಉಣ್ಣೆಯ ವಾಸನೆ. ಕಿವಿಯ ಹಿಂದೆಯೇ ಕುರಿಗಂಟೆಗಳ ಕಿಣಿಕಿಣಿ. ಮನೆಗೆ ಹೋಗಲು ಲಿಫ್ಟಿಗೆ ಕಾಲಿಟ್ಟಳು. ಭಾರ ಹೆಚ್ಚಾಯಿತೆಂದು ಅದು ಚೀರತೊಡಗಿತು. ಒಳಗಿದ್ದವಳು ಅವಳೊಬ್ಬಳೇ.

ಬೀದಿಯಲ್ಲಿ ಸೈಕಲ್ ರಿಕ್ಷಾ ಹತ್ತಿದಳು. ಟಯರು ಸಿಡಿಯಿತು.

"ಕೀ ಹೋಲೋ, ದಿದಿ?" ಎಂದು ಬಂಗಾಳಿಯಲ್ಲಿ ಏನಾಯಿತೆಂದು ಕೇಳುತ್ತ ತಿರುಗಿದ ರಿಕ್ಷಾದವನು ಅವಳ ಬೆನ್ನ ಹಿಂದೆ ಏನನ್ನು ಕಂಡನೋ, ಗಾಡಿ ಬಿಟ್ಟು ಓಡಿದ.

ಹೇಗೋ ಮನೆ ಮುಟ್ಟಿ, ಕರೆಂಟು ಹೋಗಿ ಕತ್ತಲಾಗಿದ್ದ ಮೆಟ್ಟಿಲುಗಳನ್ನು ಅವಳು ತೆವಳಿಕೊಂಡೇ ಹತ್ತಿದಳು. ರಜೆ ಹಾಕಿ ಮನೆಯಲ್ಲಿದ್ದ ಇಂದುಮತಿ ಬಾಗಿಲು ತೆರೆದಳು.

"ಅಕ್ಕಾ, ತೆಗೀರಿ ಇದನ್ನ! ನಿಮ್ಮ ಕಾಲಿಗೆ ಬೀಳ್ತೀನಿ, ತೆಗೀರಿ!"

ಇಂದುಮತಿ ಸರ್ವೆಯವನಿಗೆ ಫೋನ್ ಹಚ್ಚಿದಳು. ಕೇಳುತ್ತ ಕೇಳುತ್ತ ಅವಳ ಮುಖ ಬಿಳಿಚಿಕೊಂಡಿತು.

"ಈಗಷ್ಟ ಮದ್ದಿಟ್ಟು ಕಲ್ಲು ಒಡದಾರಂತ. ತಿರುಗಿ ಇಡಾಕ ಜಾಗಾನ ಉಳದಿಲ್ಲ ತಂಗಿ. ಬ್ಯಾರೆಯವರು ಒಪ್ಪಿ ಹೊತ್ತರಷ್ಟ ಇಳೀತದಂತ."

ನಮ್ರತಾಳ ಹೆಗಲೆಲುಬು ಲಟಕ್ಕೆಂದಿತು. ಅವಳು ಊಳಿಟ್ಟಳು.

ಇಂದುಮತಿ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. "ಸ್ವಲ್ಪ ಹೊತ್ತು ನಾ ಹೊರತೀನಿ. ನೀ ಉಸಿರು ತಗೋ. ಸರತಿ ಮ್ಯಾಲ ಹೊರೋಣು. ಏನರೆ ದಾರಿ ಸಿಗತದ." ಹೆಗಲಿಗೆ ಹೆಗಲು ಕೊಟ್ಟಳು.

ಭಾರ ಜಾರಿತು.

ನಮ್ರತಾ ಎದ್ದು ನಿಂತಳು. ಮೈ ಹಗುರ. ಗಾಳಿಯಷ್ಟು ಹಗುರ. ಇಂದುಮತಿಯ ಮಂಡಿಗಳು ನೆಲಕ್ಕೆ ಬಡಿದವು. ಬಾಯಿಂದ ಹಬೆ. ಕತ್ತು ವಾಲಿತು.

"ಸಾಕು ತಂಗಿ... ಈಗ ನೀ ತಗೋ."

ನಮ್ರತಾ ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನೊಂದು. ಬೆನ್ನಿಗೆ ಬಾಗಿಲು ತಗುಲಿತು.

"ನಮ್ರತಾ!"

ಮೆಟ್ಟಿಲು. ಕತ್ತಲೆ. ಬೀದಿ. ಬಿಸಿಲು. ಮೇಲಿನ ಮನೆಯಲ್ಲಿ ನೆಲ ಬಿರಿದ ಸದ್ದು ಕೇಳಿಸಿತು. ಅವಳು ತಿರುಗಿ ನೋಡದೆ ಓಡುತ್ತಲೇ ಇದ್ದಳು.