ಆಮರಾಯಿಯಲ್ಲಿ ಆ ಭಾನುವಾರ

"ನನ್ನ ಒಲ್ಲೆ ಅಂತ ಹೇಳಿಬಿಡ್ರಿ... ನಿಮ್ಮ ಕಾಲಿಗೆ ಬೀಳ್ತೀನಿ!"

ಸಾಂಗ್ಲಿಯ ಆಮರಾಯಿ ಉದ್ಯಾನದಲ್ಲಿ, ಮಾವಿನ ಮರದ ಕೆಳಗೆ ಕುಳಿತಿದ್ದ ನೀಲಿ ಅಂಗಿಯ ಯುವಕ ಗಾಬರಿಯಿಂದ ಎದ್ದು ನಿಂತ.

ಮೃಣಾಲ ಉಸಿರು ಬಿಡದೆ ಮುಂದುವರಿಸಿದಳು. "ನಂಗ ಈ ಲಗ್ನ ಬ್ಯಾಡ. ಪಪ್ಪಾನ ಮುಂದ ಹೇಳಾಕ ನನ್ನ ಕೈಲೆ ಆಗವಲ್ದು. ನೀವ ಒಲ್ಲೆ ಅಂದ್ರ ಮುಗೀತು. ಹುಡುಗಿ ಕಪ್ಪ ಅದಾಳ ಅನ್ರಿ, ಸಿಟ್ಟಿನಾಕಿ ಅನ್ರಿ... ಏನರ ಅನ್ರಿ!"

ಅವನು ಸುತ್ತಮುತ್ತ ಒಮ್ಮೆ ನೋಡಿದ.

"ಅಂತೀನ್ರಿ... ಆದ್ರ ಯಾರ ಮುಂದ ಅನ್ಬೇಕು? ನಾ ಊರು ತೋರಿಸಾಂವ. ಹಳೇ ಗುಡಿ, ಕೋಟೆ, ತ್ವಾಟ ನೋಡಾಕ ಬರೋ ಮಂದೀ ದಾರಿ ಕಾಯಾಕತ್ತೀನಿ."

ಅವಳಿಗೆ ನೆಲ ಬಾಯಿ ತೆರೆದು ನುಂಗಬಾರದೇ ಅನ್ನಿಸಿತು. ನೋಡಲು ಬರುವ ವರ ನೀಲಿ ಅಂಗಿ ಹಾಕಿರುತ್ತಾನೆಂದು ಅವ್ವ ಹೇಳಿದ್ದಳು, ಅಷ್ಟೇ!

ಅವನು ನಗಲಿಲ್ಲ. ಮೆಲ್ಲಗೆ ಕೇಳಿದ, "ನೀರು ಕುಡೀತೀರೇನು?"

ಆ ಒಂದು ಮಾತಿಗೆ ಮೃಣಾಲಳ ಕಣ್ಣು ತುಂಬಿತು.

ಅವನ ಹೆಸರು ವೇದಾಂತ. ಊರು ಲಿಂಗನೂರು. ವಾರವೆಲ್ಲ ಕುಪವಾಡದ ಕೈಗಾರಿಕಾ ಪ್ರದೇಶ ಎಂಐಡಿಸಿಯ ಕಾರ್ಖಾನೆಯಲ್ಲಿ ಕೆಲಸ, ಭಾನುವಾರ ಮಾತ್ರ ತನಗಿಷ್ಟವಾದ ಈ ತಿರುಗಾಟ. ಇಷ್ಟು ತಿಳಿಯುವಷ್ಟರಲ್ಲಿ ನಿಜವಾದ ವರ ರತ್ನದೀಪ ಗೇಟಿನಲ್ಲಿ ಕಾಣಿಸಿದ. ಸೌಮ್ಯ ಮುಖದ, ಮಾತಿಗೆ ನಾಚುವ ಹುಡುಗ. ಅವನೆದುರು ಮೃಣಾಲಳ ಬಾಯಿಂದ ಒಂದು ಅಕ್ಷರವೂ ಹೊರಡಲಿಲ್ಲ. ಇದ್ದ ಧೈರ್ಯವನ್ನೆಲ್ಲ ಬೇರೊಬ್ಬನ ಮುಂದೆ ಖರ್ಚು ಮಾಡಿಯಾಗಿತ್ತು!

ಸಂಜೆಗೇ ರತ್ನದೀಪನ ಮನೆಯವರು ಒಪ್ಪಿಗೆ ತಿಳಿಸಿದರು.

ಸಾಂಗ್ಲಿವಾಡಿಯ ಮನೆಯಲ್ಲಿ ಅಪ್ಪ ಶ್ರೀಪಾಲ ಬಹಳ ದಿನಗಳ ಮೇಲೆ ನಕ್ಕಿದ್ದ. ಹಿರಿಮಗಳು ಸೋನಲ ಹೇಳದೆ ಕೇಳದೆ ಬೇರೆ ಜಾತಿಯವನನ್ನು ಮದುವೆಯಾಗಿ ಹೋದಂದಿನಿಂದ ಅವನು ಬಸದಿಗೆ ಹೋಗುವುದನ್ನೂ ಬಿಟ್ಟಿದ್ದ. ನಾಲ್ಕು ಜನರ ಕಣ್ಣು ತಪ್ಪಿಸಿ ಹೊಲಕ್ಕೆ ಹೋಗಿ ಬರುತ್ತಿದ್ದ.

"ನೀನರ ನನ್ನ ತಲಿ ಎತ್ತಿಸಿದಿ, ಮೃಣಾ," ಅಂದ.

ಇನ್ನು ಅವಳು ಹೇಗೆ ಹೇಳುವುದು? ಯಾವ ಬಾಯಿಂದ?

ಮುಂದಿನ ಭಾನುವಾರ ಅವಳ ಕಾಲುಗಳು ತಾವಾಗಿಯೇ ವೇದಾಂತನ ಗುಂಪಿನ ಹಿಂದೆ ನಡೆದವು. ಅದರ ಮುಂದಿನ ಭಾನುವಾರವೂ. ಗಣೇಶದುರ್ಗ ಕೋಟೆಯ ಹಳೆಯ ಗೋಡೆಗಳು, ಗಣಪತಿ ಗುಡಿಯ ಅಂಗಳ, ಮಿರಜದ ದರ್ಗಾ... ತಾನು ಕೆಲಸ ಮಾಡುವ ಕಣ್ಣಾಸ್ಪತ್ರೆಗೆ ದಿನವೂ ದಾಟಿ ಹೋಗುವ ಊರನ್ನು ಅವಳು ಮೊದಲ ಸಲ ನೋಡುತ್ತಿದ್ದಳು. ಅವನು ಪ್ರವಾಸಿಗರಿಗೆ ಮರಾಠಿಯಲ್ಲಿ ವಿವರಿಸುವನು. ಆಮೇಲೆ ಅವಳೊಬ್ಬಳಿಗೇ ಕನ್ನಡದಲ್ಲಿ ಇನ್ನೊಂದು ಮಾತು ಸೇರಿಸುವನು.

ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ನಿಗದಿಯಾಗಿದೆ ಎಂದು ಮಾತ್ರ ಅವಳು ಹೇಳಲೇ ಇಲ್ಲ. 'ಇವತ್ತ ಹೇಳ್ತೀನಿ' ಅಂದುಕೊಂಡು ಬರುತ್ತಿದ್ದಳು. ಅವನ ಮುಖ ಕಂಡೊಡನೆ ಗುಡಿಯದೋ ಕೋಟೆಯದೋ ಪ್ರಶ್ನೆ ಕೇಳಿಬಿಡುತ್ತಿದ್ದಳು.

ಆ ದಿನ ಮಿರಜದ ಕೃಷ್ಣಾ ಘಾಟಿನಲ್ಲಿ ನಿಂತಿದ್ದರು. ನದಿಗೆ ಇಳಿಯುವ ಮೆಟ್ಟಿಲುಗಳ ಮೇಲೆ ಎಳೆಬಿಸಿಲು.

"ಅರೇ, ಮೃಣಾಲ!"

ರತ್ನದೀಪ! ಜೊತೆಗೆ ಅವನ ಮಾವಶಿ, ತಾಯಿಯ ಸೋದರಿ. ಹಿರಿಯಾಕೆ ಅಕ್ಕರೆಯಿಂದ ಮೃಣಾಲಳ ಗಲ್ಲ ಸವರಿ ವೇದಾಂತನತ್ತ ತಿರುಗಿದಳು. "ನಮ್ಮ ಮನಿ ಸೊಸಿ ಆಗಾಕಿ ನೋಡ್ರಿ! ಬರೋ ತಿಂಗಳ ಸಾಖರಪುಡಾ. ನೀವೂ ಬರ್ರಿ."

ವೇದಾಂತ ಕೈಮುಗಿದ. ಅವರು ಹೋಗುವ ತನಕ ಮುಗಿದ ಕೈ ಇಳಿಸಲೇ ಇಲ್ಲ.

"ಅವತ್ತ ಲಗ್ನ ಬ್ಯಾಡ ಅಂತ ಅತ್ರಿ... ಆಟಕ್ಕೇನು?"

"ಇಲ್ಲ! ಖರೇನ ಬ್ಯಾಡ ನಂಗ..."

"ಮತ್ತ ಯಾಕ ಹೂಂ ಅಂದ್ರಿ?"

"ನಾ ಹೂಂ ಅಂದಿಲ್ಲ. ಯಾರೂ ನನ್ನ ಕೇಳೇ ಇಲ್ಲ..."

"ನಾ ಕೇಳಬೇಕಂತ ಇದ್ದೆ, ಮೃಣಾಲ. ಇವತ್ತ ಕೇಳಾಂವ ಇದ್ದೆ." ಅವನು ನೀರಿನತ್ತ ತಿರುಗಿದ. "ನನ್ನ ಮುಂದರ ಹೇಳಬೇಕಿತ್ತು ನೀವು."

ಅವನು ಮೆಟ್ಟಿಲೇರಿ ಹೋದ. ಏನೆಂದು ಕೂಗುವುದು? ನಿಲ್ಲು ಎನ್ನಲು ತನಗೇನು ಹಕ್ಕಿದೆ?

ಅಂದಿನಿಂದ ಅವನು ಫೋನು ಎತ್ತಲಿಲ್ಲ. ಭಾನುವಾರ ಆಮರಾಯಿಯಲ್ಲಿ ಅವನ ಗೆಳೆಯ ಗುರಲಿಂಗ ಜನರನ್ನು ಕರೆದೊಯ್ಯುತ್ತಿದ್ದ. "ಅಂವ ಈಗ ಊರಾಗ ತಿರುಗೂದಿಲ್ರಿ. ದಂಡೋಬಾ ಗುಡ್ಡಕ್ಕ ಬರೋರನ್ನ ಅಷ್ಟ ಕರಕೊಂಡ ಹೋಗ್ತಾನ," ಅಂದ.

ಮನೆಯಲ್ಲಿ ಅವ್ವ ರತ್ನಾಬಾಯಿ ಸೀರೆ ಆರಿಸುತ್ತಿದ್ದಳು. ಹಸಿರೋ ಕೆಂಪೋ ಎಂದು ಕೇಳಿದರೆ ಮೃಣಾಲ "ಯಾವುದರ ಆಗಲಿ" ಅನ್ನುತ್ತಿದ್ದಳು. ರಾತ್ರಿ ಊಟ ಸೇರುತ್ತಿರಲಿಲ್ಲ. ಅಪ್ಪನ ಮುಖ ನೋಡಿದರೆ ಅವನಿಗಾಗಿ ಮನಸ್ಸು ಮರುಗುವುದು, ಕಣ್ಣು ಮುಚ್ಚಿದರೆ ವೇದಾಂತನಿಗಾಗಿ. ಯಾರನ್ನು ಉಳಿಸಿಕೊಂಡರೂ ಇನ್ನೊಬ್ಬರಿಗೆ ನೋವು ತಪ್ಪದು!

ಒಂದು ಸಂಜೆ ಅಪ್ಪ ಬೈಕಿನಲ್ಲಿ ಅವಳನ್ನು ಮನೆಗೆ ಕರೆತರುತ್ತಿದ್ದ. ಬ್ರಿಟಿಷರ ಕಾಲದ ಐರ್ವಿನ್ ಸೇತುವೆಯ ನಡುಮಧ್ಯೆ ಬಂದಾಗ ಅವಳು ಇದ್ದಕ್ಕಿದ್ದಂತೆ ಅವನ ಹೆಗಲು ಹಿಡಿದಳು.

"ಪಪ್ಪಾ, ಗಾಡಿ ನಿಲ್ಲಸ್ರಿ."

"ಯಾಕವ್ವಾ? ತಲಿ ತಿರುಗ್ತೇನು?"

ಅವಳು ಕಂಬಿಗೆ ಒರಗಿ ನಿಂತಳು. ಕೆಳಗೆ ಕೃಷ್ಣೆ. ಅವಳು ನೀರನ್ನೇ ನೋಡುತ್ತ ಎಲ್ಲವನ್ನೂ ಹೇಳಿಬಿಟ್ಟಳು. ವೇದಾಂತನ ಹೆಸರು, ಅವನದೂ ಬೇರೆ ಜಾತಿ ಎಂಬುದು, ಮನೆಯಲ್ಲಿ ಸುಳ್ಳು ಹೇಳಿ ಅವನೊಡನೆ ಕಳೆದ ಭಾನುವಾರಗಳು.

ಶ್ರೀಪಾಲ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಅವನು ಕಂಬಿಯನ್ನು ಎರಡೂ ಕೈಯಿಂದ ಹಿಡಿದ.

"ಸೋನಲ ನನ್ನ ಮುಂದ ನಿಂತ ಹೇಳಲಿಲ್ಲ," ಅಂದ. "ನಾ ಹೊಡೀತೀನಿ ಅಂತ ತಿಳಕೊಂಡ್ಳೇನೋ... ನೀ ಹೇಳಿದಿ."

"ಪಪ್ಪಾ..."

"ನಂಗ ಹೂಂ ಅನ್ನಾಕ ಆಗೂದಿಲ್ಲ ಮೃಣಾ. ಬಾಯೀಗೇ ಬರವಲ್ದು. ಆದ್ರ ಅಳಕೋಂತ ಹೋಗಾಕಿನ್ನ ಆ ಮನಿಗಿ ಕಳಸಾಕೂ ಆಗೂದಿಲ್ಲ." ಟವೆಲಿನಿಂದ ಮುಖ ಒರೆಸಿಕೊಂಡ. "ನಾಳೆ ರತ್ನದೀಪನ ಮನಿಗಿ ಹೋಗಿ ಕೈಮುಗದ ಬರ್ತೀನಿ. ಅಷ್ಟ ಆಗ್ತೈತಿ ನನ್ನ ಕೈಲೆ."

ಅವಳು ಅವನ ತೋಳಿಗೆ ಮುಖವಿಟ್ಟು ಬಿಕ್ಕಿದಳು. ಗೆದ್ದ ಖುಷಿ ಎಲ್ಲೂ ಇರಲಿಲ್ಲ.

ಭಾನುವಾರ ಮೃಣಾಲ ದಂಡೋಬಾ ಗುಡ್ಡ ಹತ್ತಿದಳು. ಮೇಲೆ, ಬಂಡೆ ಕೊರೆದು ಮಾಡಿದ ಶಿವನ ಗುಡಿಯ ಮುಂದೆ ವೇದಾಂತ ಏನನ್ನೋ ವಿವರಿಸುತ್ತಿದ್ದ. ಅವಳನ್ನು ಕಂಡವನೇ ಮಾತು ಮರೆತ. ಜನರನ್ನು ಒಳಗೆ ಕಳಿಸಿ ಹತ್ತಿರ ಬಂದ.

"ಯಾಕ ಇಷ್ಟ ಸೊರಗೀರಿ?"

"ಸಾಖರಪುಡಾ ಮುರೀತು. ಪಪ್ಪಾ ತಾವ ಹೋಗಿ ಹೇಳಿ ಬಂದಾರ."

ಅವನ ಕಣ್ಣು ತುಂಬಿ ಬಂತು. "ನಾ ಫೋನ್ ಎತ್ತಲಿಲ್ಲ... ಒಬ್ಬಾಕಿನ್ನ ಬಿಟ್ಟ ಬಂದ್ಬಿಟ್ಟೆ..."

"ನಾ ಹೇಳಬೇಕಿತ್ತು ನಿಮಗ. ಹೆದರಿದ್ದೆ." ಅವಳು ತಲೆ ತಗ್ಗಿಸಿದಳು. "ಈಗೂ ಹೆದರಿಕಿ ಐತಿ. ಪಪ್ಪಾ ನಮಗ ಹೂಂ ಅಂದಿಲ್ಲ, ವೇದಾಂತ."

ಅವನು ಮೆಲ್ಲಗೆ ಅವಳ ಕೈ ಹಿಡಿದ.

"ಎಂದ ಅಂತಾರ?"

"ಗೊತ್ತಿಲ್ಲ..."

"ಕಾಯೋಣು. ಇಬ್ರೂ ಕೂಡಿ ಕಾಯೋಣು." ಅವನು ಉಸಿರು ಹಿಡಿದು ಕೇಳಿದ, "ಮತ್ತ... ನೀ?"

ಕಣ್ಣೀರಿನ ನಡುವೆಯೇ ಮೃಣಾಲ ಮುಖವೆತ್ತಿದಳು.

"ಹೂಂ."